ಮಹಾಸಭೆಗೆ ಹೋಗದೆ ‘ಲೈಬ್ರರಿಯಲ್ಲಿ ಕನ್ನಡ ಇಲ್ಲ’ ಎಂದರೆ ಕೇಳುವವರು ಯಾರು?

ಗೆಳೆಯರೇ, ಮೊದಲು ಒಂದು ಪ್ರಶ್ನೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ನಿಮ್ಮ ಹೆಸರಿಗೆ ಮೆಂಬರ್‌ಶಿಪ್ ಉಂಟಾ? ಇಲ್ಲವಾದರೆ ಮನೆಯಲ್ಲಿ ಬೇರೆ ಯಾರಿಗಾದರೂ ಉಂಟಾ? ಹೋಗಲಿ, ಅದು ಎಷ್ಟು ಗಂಟೆಗೆ ಬಾಗಿಲು ತೆಗೆಯುದು ಎಂದಾದರೂ ಗೊತ್ತುಂಟಾ?

ಮಂಜೇಶ್ವರ, ಕಾಸರಗೋಡು ತಾಲೂಕಿನ ನಮ್ಮ ಹುಡುಗರ ಹತ್ತಿರ ಇದನ್ನು ಕೇಳಿದರೆ ಹೆಚ್ಚಿನವರು ನಗಾಡ್ತಾರೆ. “ಅದು ಮಲಯಾಳಿಗಳದ್ದಲ್ವಾ” ಎನ್ನುವವರು ಕೆಲವರು. “ಅದು ಪಾರ್ಟಿಯವರದ್ದು” ಎನ್ನುವವರು ಇನ್ನು ಕೆಲವರು. “ಅಲ್ಲಿ ಕನ್ನಡ ಪುಸ್ತಕ ಎಲ್ಲುಂಟು ಮಾರಾಯ್ರೆ” ಎಂಬುದು ಎಲ್ಲರದ್ದೂ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಉಂಟು. ಆದರೆ ಮೂರೂ ಸೇರಿ ಒಂದು ದೊಡ್ಡ ಸುಳ್ಳನ್ನು ಮುಚ್ಚಿಡ್ತವೆ. ನಮಗೆ ಅಲ್ಲಿ ಮಾಡಲಿಕ್ಕೆ ಏನೂ ಇಲ್ಲ ಎಂಬ ಸುಳ್ಳು.

ಕೇರಳದ ಊರ ಗ್ರಂಥಾಲಯ ಯಾರದ್ದು? ಇದು ವಿಲೇಜ್ ಆಫೀಸು, ಕೃಷಿಭವನದ ಹಾಗಿನ ಸರಕಾರಿ ಕಚೇರಿ ಅಲ್ಲ. 1945ರಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಅಧ್ಯಾಪಕರು ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ತಿರುವಿದಾಂಕೂರು ಗ್ರಂಥಶಾಲಾ ಸಂಘ ಕಟ್ಟಿದರು. ಆ 47 ಕೂಡಾ ಸರಕಾರ ಕಟ್ಟಿದ್ದಲ್ಲ, ಊರವರೇ ನಡೆಸುತ್ತಿದ್ದದ್ದು. ರಾಜ್ಯ ಒಂದಾದ ಮೇಲೆ ಅದು ಕೇರಳ ಗ್ರಂಥಶಾಲಾ ಸಂಘ ಆಯಿತು. 1975ರಲ್ಲಿ ಅದಕ್ಕೆ ಯುನೆಸ್ಕೋದ ಕ್ರುಪ್ಸ್ಕಾಯ ಪ್ರಶಸ್ತಿ ಬಂತು. 1989ರಲ್ಲಿ ಕೇರಳ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂತು, ಅದರ ಪ್ರಕಾರ ಈಗಿನ ಲೈಬ್ರರಿ ಕೌನ್ಸಿಲ್. ಊರವರು ಸೇರಿ ಗ್ರಂಥಾಲಯ ಮಾಡ್ತಾರೆ, ಕೌನ್ಸಿಲ್ ಅದಕ್ಕೆ ಅಂಗೀಕಾರ ಕೊಡ್ತದೆ, ಗ್ರೇಡು ನೋಡಿ ಗ್ರಾಂಟು ಕೊಡ್ತದೆ. ನಡೆಸುವವರು ಮಾತ್ರ ಊರಿನ ಸದಸ್ಯರೇ. ಸದಸ್ಯರ ಮಹಾಸಭೆ ಆಡಳಿತ ಸಮಿತಿಯನ್ನು ಆರಿಸ್ತದೆ. ಆ ಗ್ರಂಥಾಲಯಗಳ ಪ್ರತಿನಿಧಿಗಳು ತಾಲೂಕು ಕೌನ್ಸಿಲನ್ನು ಆರಿಸ್ತಾರೆ. ಅದರ ಮೇಲೆ ಜಿಲ್ಲೆ, ಅದರ ಮೇಲೆ ರಾಜ್ಯ.

ಇದನ್ನು ಕರ್ನಾಟಕದ ಜೊತೆ ಹೋಲಿಸಿ ನೋಡಿ. ಅಲ್ಲಿ 1965ರ ಕಾನೂನಿನಿಂದ ಗ್ರಂಥಾಲಯ ಎಂಬುದು ಇಲಾಖೆಯ ಕೆಲಸ. ಪುಸ್ತಕ ಸಗಟು ಖರೀದಿಯಲ್ಲಿ ಬರ್ತದೆ. ಬೆಂಗಳೂರಿನ ಓದುಗನಿಗೆ ತನ್ನ ಬೀದಿಯ ಲೈಬ್ರರಿಯನ್ನು ನಡೆಸುವವರು ಯಾರು ಎಂದು ಓಟು ಹಾಕಲಿಕ್ಕೆ ಆಗುದಿಲ್ಲ. ಪೈವಳಿಕೆಯ, ಎಣ್ಮಕಜೆಯ, ಬೆಳ್ಳೂರಿನ ಓದುಗನಿಗೆ ಆಗ್ತದೆ. ಕನ್ನಡಿಗನಿಗೆ ಕರ್ನಾಟಕದಲ್ಲಿ ಇಲ್ಲದ ಒಂದು ಹಕ್ಕು ಕೇರಳದಲ್ಲಿ ಉಂಟು ಎಂದರೆ ಕೇಳಲಿಕ್ಕೆ ವಿಚಿತ್ರ ಅನಿಸಬಹುದು. ಆದರೆ ಉಂಟು.

ಹಣವೂ ನಮ್ಮದೇ. ಪಂಚಾಯತಿಗೆ ಕಟ್ಟಡ ತೆರಿಗೆ ಕಟ್ಟಿದ ರಶೀದಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಲೈಬ್ರರಿ ಸೆಸ್ ಎಂದು ಒಂದು ಸಾಲು ಇರ್ತದೆ. ತೆರಿಗೆಯ ಒಂದು ರೂಪಾಯಿಗೆ ಐದು ಪೈಸೆ. ಅಡಿಕೆ ಮಾರಿ ಮನೆ ಕಟ್ಟಿಸಿದ ಕನ್ನಡಿಗನೂ ಕೊಡ್ತಾನೆ, ಗಲ್ಫಿನಿಂದ ಹಣ ಕಳಿಸಿ ಮನೆ ಕಟ್ಟಿಸಿದ ಬ್ಯಾರಿಯೂ ಕೊಡ್ತಾನೆ. ವರ್ಷ ವರ್ಷ ಕೊಡ್ತಾನೆ. ಕೊಟ್ಟದ್ದು ಯಾವ ಭಾಷೆಯ ಪುಸ್ತಕವಾಗಿ ವಾಪಸು ಬಂತು ಎಂದು ಕೇಳುವ ಜಾಗ ಒಂದೇ, ಆ ಮಹಾಸಭೆ. ಅಲ್ಲಿ ನಮ್ಮವರ ಕುರ್ಚಿ ಖಾಲಿ.

ಇಷ್ಟು ಒತ್ತಿ ಯಾಕೆ ಹೇಳ್ತೇವೆ ಎಂದರೆ, ನಮ್ಮ ಊರಿನ ಕನ್ನಡದ ಕಥೆ ಧಾರವಾಡದ ಕನ್ನಡದ ಹಾಗಲ್ಲ. ಇಲ್ಲಿ ಮನೆಯೊಳಗೆ ತುಳು, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ, ಹವ್ಯಕರ ಕನ್ನಡ ಎಲ್ಲ ಉಂಟು. ಓದಲಿಕ್ಕೆ ಬರೆಯಲಿಕ್ಕೆ ಕುಳಿತಾಗ ಇವರೆಲ್ಲರಿಗೂ ಕನ್ನಡ. ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಸಾರಾ ಅಬೂಬಕ್ಕರ್ ಕಾಸರಗೋಡಿನ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಈ ಮೂವರನ್ನೂ ಕನ್ನಡಕ್ಕೆ ತಂದದ್ದು ಅಕ್ಷರ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರ್ತದೆ, “ಹಾಗಾದ್ರೆ ನಾವು ಕನ್ನಡಿಗರಲ್ವಾ” ಎಂದು. ಕನ್ನಡಿಗರೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಮನೆಯಲ್ಲಿ ಮಾತಾಡಿದರೆ ಸಾಕು, ಭಾಷೆ ತನ್ನಷ್ಟಕ್ಕೆ ಉಳೀತದೆ ಎಂಬ ಅನುಕೂಲ ನಮಗಿಲ್ಲ. ಓದುದು ನಿಂತರೆ ಒಂದು ತಲೆಮಾರಿನಲ್ಲಿ ಕನ್ನಡ ನಿಲ್ತದೆ. ಮನೆಯಲ್ಲಿ ತುಳು ಇರ್ತದೆ, ಆಫೀಸಿನಲ್ಲಿ ಮಲಯಾಳ ಇರ್ತದೆ, ಮೊಬೈಲಿನಲ್ಲಿ ಇಂಗ್ಲಿಷ್ ಇರ್ತದೆ.

ಓದು ಕಲಿಸುವ ಜಾಗ ಶಾಲೆ. ಅಲ್ಲಿ ಏನಾಗ್ತಾ ಉಂಟು ಎಂದು ನಿಮಗೆ ಹೊಸತಾಗಿ ಹೇಳಬೇಕಾಗಿಲ್ಲ. 2017ರಲ್ಲಿ ಮಲಯಾಳ ಕಲಿಕೆಯ ಕಾನೂನು ಬಂದಾಗ ಕಾಸರಗೋಡಿನ ಕಲೆಕ್ಟರೇಟಿನ ಮುಂದೆ ಗಡಿನಾಡಿನ ಕನ್ನಡಿಗರು ಸೇರಿದ್ದು ನೆನಪಿರಬಹುದು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕುದು, ಮಕ್ಕಳು ಮತ್ತು ಹೆತ್ತವರು ಗೇಟಿನ ಎದುರು ಕೂರುದು, ಇದು ಮತ್ತೆ ಮತ್ತೆ ನಡೆದದ್ದು. ಆ ಹೋರಾಟ ಬೇಕು, ಅದನ್ನು ಬಿಡುವ ಮಾತೇ ಇಲ್ಲ. ಆದರೆ ಶಾಲೆಯ ಹೋರಾಟದಲ್ಲಿ ಬೀಗದ ಕೈ ತಿರುವನಂತಪುರದಲ್ಲಿ ಇರ್ತದೆ. ಗ್ರಂಥಾಲಯದ ಬೀಗದ ಕೈ ನಿಮ್ಮದೇ ಊರಿನ ಒಬ್ಬ ಸೆಕ್ರೆಟರಿಯ ಕಿಸೆಯಲ್ಲಿ ಉಂಟು. ಅವರನ್ನು ಆರಿಸಿದವರು ನಲುವತ್ತೋ ಐವತ್ತೋ ಜನ ಇರಬಹುದು, ಕೆಲವು ಕಡೆ ಅಷ್ಟೂ ಇರಲಿಕ್ಕಿಲ್ಲ.

ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋಗಿ ನೋಡಿ. ನೀಲೇಶ್ವರ, ಚೆರುವತ್ತೂರು, ಕಯ್ಯೂರು ಕಡೆ ಒಂದೊಂದು ಊರಿಗೂ ಗ್ರಂಥಾಲಯ. ಸಂಜೆ ಆದರೆ ಮುದುಕರು ಪೇಪರು ಓದ್ತಾರೆ, ಹುಡುಗರು ಪಿಎಸ್‌ಸಿಗೆ ಕೂತು ಓದ್ತಾರೆ, ಅದೇ ಅಂಗಳದಲ್ಲಿ ನಾಟಕದ ರಿಹರ್ಸಲ್. “ಅದು ಪಾರ್ಟಿಯವರದ್ದು” ಎಂದು ತಳ್ಳಿಬಿಡುದು ಸುಲಭ. ಪಾರ್ಟಿಯವರು ಇದ್ದಾರೆ, ಇಲ್ಲ ಎಂದು ನಾವು ಹೇಳುದಿಲ್ಲ. ಆದರೆ ಅಲ್ಲಿ ರೈತರು ಒಟ್ಟು ಸೇರಿ ಅಕ್ಷರ ಕಲಿತದ್ದು, ಗೊತ್ತಿದ್ದವನು ಪೇಪರು ಓದಿ ಉಳಿದವರಿಗೆ ಹೇಳಿದ್ದು ಯಾವ ಗ್ರಾಂಟೂ ಇಲ್ಲದ ಕಾಲದ ಕಥೆ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರ ಊರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಲ್ಲಿತ್ತು. ಅವರ ಕಥೆಯನ್ನು ಕಾದಂಬರಿ ಮಾಡಿದ್ದು ಯಾರು? ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದ ನಿರಂಜನ, ಕನ್ನಡದಲ್ಲಿ, 1955ರಲ್ಲಿ, ‘ಚಿರಸ್ಮರಣೆ’ ಎಂದು. ಮಲಯಾಳಕ್ಕೆ ಹೋಗಿ ಅಲ್ಲಿ ಅದು ಮನೆಮಾತಾಯಿತು. ಆ ಕಡೆಯ ಲೈಬ್ರರಿಗಳಲ್ಲಿ ಮಲಯಾಳ ‘ಚಿರಸ್ಮರಣ’ ಇಲ್ಲದ್ದನ್ನು ಹುಡುಕಬೇಕು. ಹೊಳೆಯ ಈ ಕಡೆ ನಿಮ್ಮ ಊರಿನ ಲೈಬ್ರರಿಯಲ್ಲಿ ಮೂಲ ಕನ್ನಡದ ‘ಚಿರಸ್ಮರಣೆ’ ಉಂಟಾ? ಹೋಗಿ ನೋಡಿ ಬನ್ನಿ.

ನಮ್ಮ ಕಡೆಯ ಹುಡುಗರಿಗೆ ಸಂಘಟನೆ ಗೊತ್ತಿಲ್ಲ ಎಂದು ಹೇಳಿದರೆ ನಾವು ಒಪ್ಪುದಿಲ್ಲ. ಬ್ರಹ್ಮಕಲಶಕ್ಕೆ ಒಂದು ತಿಂಗಳು ರಾತ್ರಿ ಹಗಲು ಚಪ್ಪರ ಹಾಕ್ತಾರೆ. ಬಯಲಾಟಕ್ಕೆ ಮೇಳ ಬುಕ್ ಮಾಡಿ ಊರಿಡೀ ಚಂದಾ ಎತ್ತಿ, ಮಾರನೆ ದಿನ ಲೆಕ್ಕ ಪೈಸೆಗೆ ಪೈಸೆ ಒಪ್ಪಿಸ್ತಾರೆ. ಕ್ಲಬ್ಬಿನ ಅಂಡರ್ ಆರ್ಮ್ ಟೂರ್ನಮೆಂಟಿಗೆ ಫ್ಲಡ್ ಲೈಟು, ಜೆರ್ಸಿ, ಟ್ರೋಫಿ, ಊರ ಬಾಗಿಲಿನಿಂದ ಜಂಕ್ಷನ್‌ವರೆಗೆ ಫ್ಲೆಕ್ಸ್. ಇಷ್ಟು ಕೆಲಸ ಗೊತ್ತಿದ್ದವರಿಗೆ ಒಂದು ಗ್ರಂಥಾಲಯ ಭಾರವಾ? ಒಂದು ಟೂರ್ನಮೆಂಟಿನ ಫ್ಲೆಕ್ಸಿನ ಖರ್ಚಿನಲ್ಲಿ ಒಂದು ಕಪಾಟು ಪುಸ್ತಕ ಬರ್ತದೆ. ಫ್ಲೆಕ್ಸ್ ಮೂರು ದಿನಕ್ಕೆ ಹರಿದು ದನದ ಕೊಟ್ಟಿಗೆಗೆ ಹೊದಿಕೆ ಆಗ್ತದೆ. (ಅದು ಕೂಡಾ ಒಂದು ಉಪಯೋಗವೇ, ನಮ್ಮ ವಿರೋಧ ಇಲ್ಲ.)

ಇನ್ನು “ಕನ್ನಡ ಪುಸ್ತಕ ಎಲ್ಲುಂಟು” ಎಂಬ ಮಾತು. ಪೂರ್ತಿ ಸುಳ್ಳಲ್ಲ. ಲೈಬ್ರರಿ ಕೌನ್ಸಿಲಿನ ವ್ಯವಸ್ಥೆ ಮಲಯಾಳವನ್ನು ಲೆಕ್ಕಕ್ಕೆ ಇಟ್ಟೇ ಬೆಳೆದದ್ದು. ಗ್ರಾಂಟಿನ ಹಣದಿಂದ ಪುಸ್ತಕ ಕೊಳ್ಳಲಿಕ್ಕೆ ಜಿಲ್ಲೆಯಲ್ಲಿ ಪುಸ್ತಕೋತ್ಸವ ನಡೀತದೆ. ಅಲ್ಲಿ ಮಲಯಾಳದ ಮಳಿಗೆ ಎಷ್ಟು, ಕನ್ನಡದ್ದು ಎಷ್ಟು ಎಂದು ಮುಂದಿನ ಸಲ ನೀವೇ ಹೋಗಿ ಎಣಿಸಿ. ಇದು ಅನ್ಯಾಯ, ಇದನ್ನು ಕೌನ್ಸಿಲ್ ಸರಿ ಮಾಡಲೇಬೇಕು. ಎರಡು ಭಾಷೆಯ ಜಿಲ್ಲೆಯಲ್ಲಿ ಒಂದು ಭಾಷೆಯ ಮೇಳ ನಡೆಸಿ, ಆಮೇಲೆ “ಕನ್ನಡದವರು ಪುಸ್ತಕ ತೆಗೊಳ್ಳುದಿಲ್ಲ” ಎನ್ನುದು ನ್ಯಾಯ ಅಲ್ಲ.

ಆದರೆ ಆ ಮೇಳಕ್ಕೆ ಪಟ್ಟಿ ಹಿಡಿದುಕೊಂಡು ಹೋಗುವವರು ಯಾರು? ನಿಮ್ಮ ಊರ ಲೈಬ್ರರಿಯ ಸೆಕ್ರೆಟರಿ ಮತ್ತು ಸಮಿತಿಯವರು. ಅವರು ಪಟ್ಟಿ ಮಾಡುದು ಇಶ್ಯೂ ರಿಜಿಸ್ಟರ್ ನೋಡಿ. ಕನ್ನಡ ಪುಸ್ತಕ ಯಾರೂ ಒಯ್ಯದಿದ್ದರೆ ರಿಜಿಸ್ಟರಿನಲ್ಲಿ ಕನ್ನಡ ಇರುದಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ್ದು ಪಟ್ಟಿಯಲ್ಲಿ ಬರುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಮಳಿಗೆ ಹಾಕಲಿಕ್ಕೆ ಮಂಗಳೂರಿನ ಯಾವ ಪುಸ್ತಕದಂಗಡಿಯವನೂ ಬರುದಿಲ್ಲ. ಗ್ರೇಡು ಕೊಡಲಿಕ್ಕೆ ಬರುವವರು ನೋಡುದೂ ಅದನ್ನೇ: ಎಷ್ಟು ಪುಸ್ತಕ ಉಂಟು, ಎಷ್ಟು ಹೊರಗೆ ಹೋಗ್ತದೆ, ಏನೇನು ಕಾರ್ಯಕ್ರಮ ಆಯಿತು. ಮನವಿ ಪತ್ರದಲ್ಲಿ ನೂರು ಸಹಿ ಹಾಕಿಸುದಕ್ಕಿಂತ ಇಶ್ಯೂ ರಿಜಿಸ್ಟರಿನಲ್ಲಿ ನೂರು ಸಹಿ ಹಾಕಿಸುದಕ್ಕೆ ತೂಕ ಹೆಚ್ಚು. ಮನವಿಗೆ “ಪರಿಶೀಲಿಸಲಾಗುವುದು” ಎಂಬ ಉತ್ತರ ಸಾಕಾಗ್ತದೆ. ರಿಜಿಸ್ಟರಿಗೆ ಹಾಗೆ ಉತ್ತರ ಕೊಡಲಿಕ್ಕೆ ಆಗುದಿಲ್ಲ.

ಮನವಿ ಬೇಡ ಎಂದಲ್ಲ. ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಆಡಳಿತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಸಂವಿಧಾನದ 29ನೇ ವಿಧಿ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಈ ಎರಡನ್ನೂ ಭಾಷಣದಲ್ಲಿ ಹೇಳಿ ಚಪ್ಪಾಳೆ ತೆಗೊಂಡವರು ಬೇಕಾದಷ್ಟು ಜನ ಇದ್ದಾರೆ. ಒಂದು ಲೈಬ್ರರಿಯ ಸಲಹಾ ಪುಸ್ತಕದಲ್ಲಿ “ಕಯ್ಯಾರರ ಸಮಗ್ರ ಕಾವ್ಯ ತರಿಸಿ, ತಿರುಮಲೇಶರ ‘ಅಕ್ಷಯ ಕಾವ್ಯ’ ತರಿಸಿ” ಎಂದು ಬರೆದವರು ಎಷ್ಟು ಜನ? ತಿರುಮಲೇಶರು ನಮ್ಮ ಕಾರಡ್ಕದವರು, ಆ ಪುಸ್ತಕಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಕಾಸರಗೋಡು ಜಿಲ್ಲೆಯ ಲೈಬ್ರರಿಯಲ್ಲಿ ಅದು ಇರಲೇಬೇಕು ಎನ್ನಲಿಕ್ಕೆ ಮಲಯಾಳಿ ಸೆಕ್ರೆಟರಿಯೂ ಒಪ್ತಾರೆ. ಅವರಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ, ಅಷ್ಟೇ. ಹೇಳಬೇಕಾದವರು ಹೇಳಬೇಕು.

“ಹಾಗಾದ್ರೆ ನಮ್ಮದೇ ಬೇರೆ ಕನ್ನಡ ಲೈಬ್ರರಿ ಮಾಡುವ” ಎನ್ನುವವರೂ ಇದ್ದಾರೆ. ಮಾಡಿ. ಕಾಸರಗೋಡು ನುಳ್ಳಿಪ್ಪಾಡಿಯ ಕನ್ನಡ ಭವನ ಮತ್ತು ಗ್ರಂಥಾಲಯದ ಹಾಗೆ ಖಾಸಗಿಯಾಗಿ ಕಟ್ಟಿ ನಡೆಸುವವರು ನಮ್ಮಲ್ಲಿ ಇದ್ದಾರೆ, ಅವರಿಗೆ ನಮ್ಮ ನಮಸ್ಕಾರ. ಆದರೆ ಪ್ರತಿಯೊಂದು ಊರಿನಲ್ಲೂ ಅಂಥವರು ಹುಟ್ಟಬೇಕು ಎಂದು ಕಾದರೆ ಆಗುದಿಲ್ಲ. ಮನೆಯವರ ಶ್ರಮದ ಮೇಲೆ ನಿಂತ ಲೈಬ್ರರಿ ಅವರ ಆರೋಗ್ಯ ಇರುವಷ್ಟು ದಿನ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕ ಹನ್ನೊಂದು ಸಾವಿರದಷ್ಟು ಪುಸ್ತಕ ಒಟ್ಟು ಮಾಡಿ ಸಾರ್ವಜನಿಕರಿಗೆ ಇಟ್ಟಿದ್ದರು. 2021ರ ಏಪ್ರಿಲಿನಲ್ಲಿ ಅದು ಬೆಂಕಿಗೆ ಹೋಯಿತು. ಆಮೇಲೆ ನಾಡಿಡೀ ಮರುಗಿತು, ಪುಸ್ತಕ ಬಂತು, ಹಣ ಬಂತು. ಒಳ್ಳೆಯದೇ. ಆದರೆ ಸುಡುವ ಮೊದಲು ಆ ಮನುಷ್ಯ ತನ್ನ ಕೂಲಿಯಲ್ಲಿ ಪೇಪರು ತರಿಸುತ್ತಿದ್ದ. ಅಂಗೀಕಾರ ಇದ್ದ ಊರ ಲೈಬ್ರರಿಗೆ ಗ್ರಾಂಟು ಉಂಟು, ಲೈಬ್ರೇರಿಯನ್ನಿಗೆ ಕಡಿಮೆಯಾದರೂ ಒಂದು ಅಲೋವೆನ್ಸ್ ಉಂಟು, ಒಬ್ಬರು ಹೋದರೆ ಇನ್ನೊಬ್ಬರು ಬರುವ ವ್ಯವಸ್ಥೆ ಉಂಟು. ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಕಟ್ಟಲಿಕ್ಕೆ ಹೋಗುವ ಮೊದಲು ಇದ್ದದ್ದರೊಳಗೆ ಹೊಕ್ಕು ನೋಡಿ. ಇಲ್ಲದ ಊರಿನಲ್ಲಿ ಹೊಸತು ಕಟ್ಟಿದರೆ ಅದಕ್ಕೆ ಕೌನ್ಸಿಲಿನ ಅಂಗೀಕಾರ ಮಾಡಿಸಿ. ಕನ್ನಡ ಲೈಬ್ರರಿಗೆ ಅಂಗೀಕಾರ ಇಲ್ಲ ಎಂದು ಯಾವ ಕಾನೂನೂ ಹೇಳುದಿಲ್ಲ. ಅಂಗೀಕಾರ ಸಿಕ್ಕಿದರೆ ತಾಲೂಕು ಕೌನ್ಸಿಲಿನಲ್ಲಿ ನಿಮ್ಮದೂ ಓಟು.

ಸರಿ, ಒಳಗೆ ಹೊಕ್ಕು ಎಂತ ಮಾಡುದು? ಬ್ಯಾನರ್ ಹಿಡಿಯುದಲ್ಲ. ಐದಾರು ಜನ ಸೇರಿ, ಆದಿತ್ಯವಾರ ಎರಡು ಗಂಟೆ ಕೊಟ್ಟರೂ ಸಾಕು. ಹೆಚ್ಚಿನ ಕಡೆ ಕನ್ನಡ ಪುಸ್ತಕಗಳು ಇಲ್ಲವೇ ಇಲ್ಲ ಎಂದಲ್ಲ. ಇರ್ತವೆ, ಮೂಲೆಯ ಕಪಾಟಿನ ಕೆಳಗಿನ ಅರೆಯಲ್ಲಿ, ಗೆದ್ದಲಿನ ಹತ್ತಿರ. ಲೈಬ್ರೇರಿಯನ್ನಿಗೆ ಕನ್ನಡ ಓದಲಿಕ್ಕೆ ಬಾರದಿದ್ದರೆ ಅದು ಕಾದಂಬರಿಯಾ, ಅಡುಗೆ ಪುಸ್ತಕವಾ ಎಂದು ಅವರಿಗೆ ತಿಳಿಯುದು ಹೇಗೆ? ಅವುಗಳನ್ನು ಹೊರಗೆ ತೆಗೆದು ಧೂಳು ಕೊಡವಿ, ಹೆಸರು, ಲೇಖಕರು, ವಿಭಾಗ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಸ್ಟಾಕ್ ರಿಜಿಸ್ಟರ್ ಸರಿ ಮಾಡಿಕೊಡಿ. ಕಪಾಟಿಗೆ ಕನ್ನಡದಲ್ಲಿ ಚೀಟಿ ಹಚ್ಚಿ. ಮಲಯಾಳದಲ್ಲಿ ಬರೆಯಲಿಕ್ಕೆ ಬರುವ ನಮ್ಮ ಹುಡುಗರೇ ಈ ಕೆಲಸಕ್ಕೆ ಬೇಕಾದವರು. ಎರಡೂ ಲಿಪಿ ಗೊತ್ತಿರುದು ನಾಚಿಕೆಯ ವಿಷಯ ಅಲ್ಲ, ಅದು ನಿಮ್ಮ ಬಂಡವಾಳ. ಹೆಂಗಸರ ಮನೆಗೆ ಪುಸ್ತಕ ಒಯ್ದು ಕೊಡುವ ವ್ಯವಸ್ಥೆ ಕೇರಳದ ಲೈಬ್ರರಿಗಳಲ್ಲಿ ಉಂಟು. ಆ ಚೀಲದಲ್ಲಿ ನಾಲ್ಕು ಕನ್ನಡ ಪುಸ್ತಕ ಹೋದರೆ ಓದುವ ಅಜ್ಜಿಯಂದಿರು, ಅತ್ತೆಯಂದಿರು ಎಷ್ಟು ಜನ ಇದ್ದಾರೆ ಎಂದು ಆಗ ಗೊತ್ತಾಗ್ತದೆ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾದ ಮೇಲೆ ಪುಸ್ತಕವನ್ನೇ ಮುಟ್ಟದವರು ನಮ್ಮ ಮನೆ ಮನೆಯಲ್ಲಿ ಇದ್ದಾರೆ.

ಪುಸ್ತಕ ದಾನದ ಬಗ್ಗೆ ಒಂದು ಮಾತು, ಸ್ವಲ್ಪ ಕಹಿಯಾಗಿ. ದಯವಿಟ್ಟು ಕಟ್ಟು ಕಟ್ಟು ತಂದು ಸುರಿಯಬೇಡಿ. ಒಂದೇ ಅಭಿನಂದನ ಗ್ರಂಥದ ಇಪ್ಪತ್ತು ಪ್ರತಿ, ಹಳೆ ಸಿಲೆಬಸ್ಸಿನ ಪಠ್ಯಪುಸ್ತಕ, ಯಾರೂ ಓದದ ಸ್ಮರಣ ಸಂಚಿಕೆ. ಗಡಿನಾಡಿಗೆ ಕನ್ನಡ ಸೇವೆ ಎಂದು ಕರ್ನಾಟಕದಿಂದ ಜೀಪಿನಲ್ಲಿ ಬಂದು, ಫೋಟೋ ತೆಗೆದು, ಇಂಥದ್ದನ್ನು ಇಳಿಸಿ ಹೋದವರನ್ನು ನಾವು ನೋಡಿದ್ದೇವೆ. ಗಡಿನಾಡು ಗುಜರಿ ಅಂಗಡಿ ಅಲ್ಲ. ಕೊಡುವ ಮನಸ್ಸು ಇದ್ದವರು ಮೊದಲು ಲೈಬ್ರರಿಯಿಂದ ಪಟ್ಟಿ ಕೇಳಲಿ. ಮಕ್ಕಳ ಪುಸ್ತಕ ಬೇಕು, ಚಿತ್ರ ಇದ್ದದ್ದು, ದೊಡ್ಡ ಅಕ್ಷರದ್ದು. ಯಕ್ಷಗಾನದ ಪ್ರಸಂಗ ಪುಸ್ತಕ ಬೇಕು. ಪಾರ್ತಿಸುಬ್ಬನ ಕುಂಬಳೆಯ ಸುತ್ತಮುತ್ತ ಪ್ರಸಂಗ ಪುಸ್ತಕ ಸಿಕ್ಕಿದರೆ ಓದದವನೂ ಓದ್ತಾನೆ. ಕೃಷಿಯ ಪುಸ್ತಕ ಬೇಕು. ಅಡಿಕೆಗೆ ರೋಗ ಬಂದರೆ ಪಾರ್ಟಿ, ಭಾಷೆ ಯಾವುದೂ ನೋಡದೆ ಜನ ಬರ್ತಾರೆ.

ಎಲ್ಲಕ್ಕಿಂತ ಹೆಚ್ಚು ಬೇಕಾದ್ದು ಪಿಎಸ್‌ಸಿಯ ಪುಸ್ತಕ. ಮಲಯಾಳದಲ್ಲಿ ರ‍್ಯಾಂಕ್ ಫೈಲುಗಳು ರಾಶಿ ಬಿದ್ದಿವೆ, ಊರ ಲೈಬ್ರರಿಯಲ್ಲೇ ಕೋಚಿಂಗು ನಡೀತದೆ. ಕನ್ನಡ ಬಲ್ಲವರಿಗೆ ಎಂದು ಇರುವ ಹುದ್ದೆಗಳಿಗೂ ಕನ್ನಡದಲ್ಲಿ ಓದಿದ ನಮ್ಮ ಹುಡುಗರು ಕನ್ನಡದ ಸಾಮಗ್ರಿ ಸಿಗದೆ ಒಬ್ಬೊಬ್ಬರೇ ಮೊಬೈಲಿನಲ್ಲಿ ಮಲಯಾಳ ವಿಡಿಯೋ ನೋಡಿ ಅರ್ಧ ಅರ್ಥ ಮಾಡ್ಕೊಂಡು ಪರೀಕ್ಷೆಗೆ ಹೋಗ್ತಾರೆ. ಕೆಲಸ ಸಿಕ್ಕಿದವರು ನಮ್ಮಲ್ಲೂ ಇದ್ದಾರಲ್ವಾ? ಅವರ ನೋಟ್ಸ್ ಎಲ್ಲಿ ಹೋಯಿತು? ಗುಜರಿಗೆ. ಅದನ್ನು ಲೈಬ್ರರಿಗೆ ಕೊಡಿಸಿ. ತಿಂಗಳಿಗೆ ಎರಡು ಸಲ ಬಂದು ಹೇಳಿಕೊಡಲಿಕ್ಕೆ ಹೇಳಿ. ಕನ್ನಡ ಅನ್ನ ಕೊಡ್ತದಾ ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಹತ್ತಿರ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಇಂಗ್ಲೆಂಡಿನಲ್ಲಿ 2010ರ ನಂತರ ಅನುದಾನಕ್ಕೆ ಕತ್ತರಿ ಬಿದ್ದಾಗ ಎಷ್ಟೋ ಊರ ಲೈಬ್ರರಿಗಳನ್ನು ಸ್ವಯಂಸೇವಕರ ಕೈಗೆ ದಾಟಿಸಿ ಅಲ್ಲಿನ ಸ್ಥಳೀಯ ಸರಕಾರಗಳು ಕೈ ತೊಳಕೊಂಡವು. ಇಲ್ಲಿಯೂ ನಾಳೆ “ಕನ್ನಡದವರೇ ಪುಸ್ತಕ ತಂದು ಕೊಡ್ತಾರಲ್ಲ, ಗ್ರಾಂಟಿನಲ್ಲಿ ಯಾಕೆ” ಎಂದು ಸಮಿತಿಯವರು ಕೇಳಬಹುದು. ಕೇಳಿದರೆ ಸೆಸ್ಸಿನ ರಶೀದಿ ತೋರಿಸಿ. ನಮ್ಮ ಆದಿತ್ಯವಾರ ಬೇರೆ, ನಮ್ಮ ತೆರಿಗೆ ಬೇರೆ. ಒಂದನ್ನು ಕೊಟ್ಟೆವೆಂದು ಇನ್ನೊಂದರ ಲೆಕ್ಕ ಬಿಡಬೇಡಿ.

ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಪುಸ್ತಕ ಸಂಗ್ರಹ ಈಗ ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿ ಉಂಟು. ಚೆನ್ನಾಗಿ ನೋಡಿಕೊಳ್ತಾರೆ, ಅದಕ್ಕೆ ಉಡುಪಿಯವರಿಗೆ ಕೃತಜ್ಞತೆ. ಆದರೆ ಮಂಜೇಶ್ವರದ ಹುಡುಗಿಯೊಬ್ಬಳಿಗೆ ಮಂಜೇಶ್ವರದ ಕವಿ ಓದಿದ ಪುಸ್ತಕ ನೋಡಬೇಕಾದರೆ ತಲಪಾಡಿ ಗೇಟು ದಾಟಿ, ಮಂಗಳೂರು ದಾಟಿ ಹೋಗಬೇಕು. ಕಯ್ಯಾರರು ನೂರು ವರ್ಷ ದಾಟಿ ಬದುಕಿ 2015ರಲ್ಲಿ ಹೋದರು. ಕಾಸರಗೋಡು ಕನ್ನಡ ನಾಡಿಗೆ ಸೇರಬೇಕು ಎಂದು ಬದುಕಿಡೀ ಹೇಳಿದವರು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿಯ ಉತ್ತರವನ್ನು ಕೊಡಬೇಕು ಎಂದದ್ದು ಕಾಗದದಲ್ಲೇ ಉಳಿಯಿತು. ಗಡಿ ಬದಲಾಗ್ತದಾ ಇಲ್ಲವಾ, ನಮಗೆ ನಿಮಗೆ ಹೇಳಲಿಕ್ಕೆ ಆಗುದಿಲ್ಲ. ಊರ ಲೈಬ್ರರಿಯ ಒಂದು ಕಪಾಟು ಬದಲಾಗಲಿಕ್ಕೆ ದಿಲ್ಲಿಯ ಒಪ್ಪಿಗೆ ಬೇಡ.

ಜೂನ್ 19 ಪಣಿಕ್ಕರ್ ತೀರಿಕೊಂಡ ದಿನ. ಅಂದಿನಿಂದ ಜುಲೈ 7ರವರೆಗೆ ಕೇರಳದ ಎಲ್ಲ ಗ್ರಂಥಾಲಯಗಳಲ್ಲಿ ವಾಚನ ಪಕ್ಷಾಚರಣೆ. ದಿನಕ್ಕೊಂದು ಕಾರ್ಯಕ್ರಮ ಮಾಡಲಿಕ್ಕೆ ಸೆಕ್ರೆಟರಿಗಳು ಜನ ಹುಡುಕ್ತಾ ಇರ್ತಾರೆ, ನಿಜವಾಗಿ ಹುಡುಕ್ತಾ ಇರ್ತಾರೆ. ನೀವು ನಾಲ್ಕು ಜನ ಹೋಗಿ, “ಒಂದು ಸಂಜೆ ನಮಗೆ ಕೊಡಿ, ಸಾರಾ ಅಬೂಬಕ್ಕರ್ ಬಗ್ಗೆ ಮಾಡ್ತೇವೆ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡ್ತೇವೆ, ಚಾ ಖರ್ಚು ನಮ್ಮದು” ಎಂದು ಹೇಳಿ. ಅದೇ ದಿನ ಮೆಂಬರ್‌ಶಿಪ್ಪಿನ ಫಾರ್ಮ್ ತುಂಬಿಸಿ. ಈ ವರ್ಷದ ಮಹಾಸಭೆ ಯಾವಾಗ ಎಂದು ಕೇಳಿ, ತಾರೀಕು ಬರೆದಿಟ್ಟುಕೊಳ್ಳಿ. ಬರುವಾಗ ಒಂದು ಕನ್ನಡ ಪುಸ್ತಕ ಇಶ್ಯೂ ಮಾಡಿಸಿಕೊಂಡೇ ಬನ್ನಿ. ಕೆಳಗಿನ ಅರೆಯಲ್ಲಿ ಹುಡುಕಿ, ಸಿಗ್ತದೆ.